ಸಾಕ್ಷಿಗೆ ಒಂದು ಬ್ರೆಡ್ಡು

ಮಾರ್ಚ್ ೪, ಮಂಗಳವಾರ

ದಿನಾ ನಡೆದದ್ದನ್ನು ಬರೆದಿಡಿ, ಮುಂದೆ ಕೇಸಿಗೆ ಆಗುತ್ತದೆ ಎಂದು ನಮ್ಮ ವಕೀಲರು ಹೇಳಿದ್ದಾರೆ. ಅವರಿಗೆ ಬೇಕಾದದ್ದನ್ನು ಬೇರೆ ಹಾಳೆಯಲ್ಲಿ ಮರ್ಯಾದೆಯಾಗಿ ಬರೆದು ಕೊಡುತ್ತೇನೆ. ಇದು ನನ್ನದು. ಇಲ್ಲಿ ಯಾರನ್ನು ಬೇಕಾದರೂ ಬೈಯಬಹುದು.

ಭಾವನಿಂದಲೇ ಶುರು ಮಾಡುತ್ತೇನೆ. ಅಕ್ಕನ ಗಂಡ, ವಯಸ್ಸಿನಲ್ಲಿ ದೊಡ್ಡವನು, ಬಹುವಚನ ಕೊಡಬೇಕಾದವನು. ಕೇಸು ಮುಗಿಯುವವರೆಗೆ ಈ ಪುಟಗಳಲ್ಲಿ ಏಕವಚನವೇ ಸಾಕು. ಇಷ್ಟು ವರ್ಷ ಕಂಡಕಂಡವರಿಗೆಲ್ಲ ಗಟ್ಟಿಮುಟ್ಟಾದ ಕಟ್ಟಡ ಕಟ್ಟಿಕೊಟ್ಟ ಗುತ್ತಿಗೆದಾರ, ನಾದಿನಿಯ ಬೇಕರಿಗೆ ಮಾತ್ರ ಬಿರುಕು ಬಿಡುವ ಗೋಡೆ ಕಟ್ಟಿದ. ಭಟ್ಟಿಯ ಹಿಂದಿನ ಗೋಡೆ. ಬಿರುಕು ಸೂರಿನ ಹತ್ತಿರ ಹುಟ್ಟಿ, ಓರೆಯಾಗಿ ಇಳಿದು, ಹಿಟ್ಟಿನ ಡಬ್ಬಿಗಳ ಹಿಂದೆ ಮಾಯವಾಗುತ್ತದೆ. ಬೆಳಿಗ್ಗೆ ದೀಪ ಹಾಕಿದರೆ ಮೊದಲು ಕಾಣುವುದು ಅದೇ.

ಪಾಯ ಸರಿಯಿಲ್ಲ, ಗೋಡೆ ಕುಸಿಯುತ್ತಿದೆ ಎಂಬುದು ನನ್ನ ವಾದ. ಭಾವ ಅದನ್ನು ಕೆಡವಿ ಹೊಸದಾಗಿ ಕಟ್ಟಿಕೊಡಬೇಕು, ಜೊತೆಗೆ "ತಪ್ಪು ನನ್ನದು" ಎಂದು ನಾಲ್ಕು ಜನರ ಎದುರು ಹೇಳಬೇಕು. ಎರಡನೆಯದು ಕಾನೂನಿನಲ್ಲಿ ಇಲ್ಲವಂತೆ. ಸೇರಿಸಿ ಎಂದೆ. ವಕೀಲರು ಸೇರಿಸಿದರು.

ಜಗಳ ಬಂದರೆ ಕೋರ್ಟಿಗೆ ಹೋಗದೆ ಮಧ್ಯಸ್ಥರ ಹತ್ತಿರ ಹೋಗಬೇಕೆಂದು ನಮ್ಮ ಕರಾರಿನಲ್ಲಿ ಒಂದು ಸಾಲಿದೆ. ಅದನ್ನು ಬರೆಸಿದ್ದು ಅಕ್ಕ. "ನೀವಿಬ್ರೂ ಕೋರ್ಟಲ್ಲಿ ನಿಂತ್ರೆ ನಾನು ಯಾವ ಕಡೆ ಕೂತ್ಕೊಳ್ಳಲಿ?" ಎಂದು ಅವತ್ತು ನಕ್ಕಿದ್ದಳು. ಈಗ ಯಾವ ಕಡೆಯೂ ಕೂತಿಲ್ಲ. ನೋಟಿಸ್ ಮುಟ್ಟಿದ ದಿನ ಫೋನ್ ಮಾಡಿ "ಇಷ್ಟು ದೂರ ಹೋದ್ಯಾ?" ಎಂದಳು, ಇಟ್ಟುಬಿಟ್ಟಳು. ಅಂದಿನಿಂದ ಇತ್ತ ತಲೆ ಹಾಕಿಲ್ಲ.

ಹಳೆಯ ಬಾಡಿಗೆ ಅಂಗಡಿಯ ಕಾಲದಿಂದಲೂ ದಿನಾ ಬೆಳಿಗ್ಗೆ ಬರುತ್ತಿದ್ದಳು. ಗಲ್ಲಾದ ಪಕ್ಕ ಸ್ಟೂಲಿನ ಮೇಲೆ ಕೂತು, ಮೊದಲ ಬ್ರೆಡ್ಡಿನ ಮೂಲೆ ಮುರಿದು ಬಾಯಿಗೆ ಹಾಕಿಕೊಂಡು, ಏನಾದರೊಂದು ಕೊಂಕು ತೆಗೆಯದೆ ಎದ್ದವಳಲ್ಲ. ಬರದಿದ್ದರೆ ಬೇಡ. ಸ್ಟೂಲನ್ನು ಒಳಗಿಟ್ಟಿದ್ದೇನೆ. ಓಡಾಡಲು ಜಾಗವಾಯಿತು.

ಮಾರ್ಚ್ ೧೧, ಮಂಗಳವಾರ

ಮಧ್ಯಸ್ಥರು ಬಂದಿದ್ದರು. ನಿವೃತ್ತ ಎಂಜಿನಿಯರ್. ಜೇಬಿನಿಂದ ಒಂದು ಪುಟ್ಟ ಟಾರ್ಚು ತೆಗೆದು ಕಂಡದ್ದಕ್ಕೆಲ್ಲ ಬಿಡುತ್ತಾರೆ. ಗೋಡೆಗೆ ಬಿಟ್ಟರು, ಮೇಜಿನ ಕೆಳಗೆ ಬಿಟ್ಟರು, ಆಮೇಲೆ ಬನ್ನಿನ ಟ್ರೇಗೂ ಬಿಟ್ಟರು. ಅದಕ್ಕೂ ಕೇಸಿಗೂ ಸಂಬಂಧವಿರಲಿಲ್ಲ. ಟಾರ್ಚು ತಾತ ಎಂದು ಹೆಸರಿಟ್ಟಿದ್ದೇನೆ.

ನಮ್ಮ ವಕೀಲರಿಗೂ ಒಂದು ಹೆಸರಿದೆ: ಆಕ್ಷೇಪಣೆ. ತಾತ "ನಮಸ್ಕಾರ" ಎನ್ನುವಷ್ಟರಲ್ಲಿ "ಆಕ್ಷೇಪಣೆ ಇದೆ" ಎಂದವರು. ಭಾವನ ಕಡೆ ಒಬ್ಬ ವಕೀಲಮ್ಮ ಇದ್ದಾರೆ, ಹೇಳಿದ್ದನ್ನು ಹೇಳಿದ ಹಾಗೆಯೇ ಟೈಪು ಮಾಡಿಸುವ ಪ್ರಾಮಾಣಿಕ ಹೆಂಗಸು.

ತಾತ ಒಂದು ತೆಳು ಗಾಜಿನ ಪಟ್ಟಿಯನ್ನು ಬಿರುಕಿಗೆ ಅಡ್ಡವಾಗಿಟ್ಟು ಎರಡೂ ತುದಿಗೆ ಗಾರೆ ಮೆತ್ತಿಸಿದರು. ಗೋಡೆ ಕೂದಲೆಳೆಯಷ್ಟು ಅಲುಗಿದರೂ ಗಾಜು ಒಡೆಯುತ್ತದಂತೆ. ಒಡೆದರೆ ಪಾಯ ಕೆಟ್ಟಿದೆ, ನಾನು ಗೆದ್ದೆ. ಒಡೆಯದಿದ್ದರೆ ಬಿರುಕು ಹಳೆಯದು, ಬಂದಷ್ಟೇ ಬಂದು ನಿಂತಿದೆ ಎಂದರ್ಥ. ಪ್ರತಿ ಮಂಗಳವಾರ ಪಾರ್ಟಿಗಳಿಬ್ಬರೂ ಒಟ್ಟಿಗೆ ನಿಂತು ನೋಡಬೇಕು. "ಒಬ್ಬರೇ ನೋಡಿದ್ರೆ ಲೆಕ್ಕಕ್ಕಿಲ್ಲ. ಕೇಸಿನ ವಿಷಯ ಮಾತಾಡೋ ಹಾಗೂ ಇಲ್ಲ," ಎಂದರು ತಾತ.

ಕೇಸಿನ ವಿಷಯವಂತೆ. ಭಾವನಿಗೂ ನನಗೂ ಯಾವ ವಿಷಯದಲ್ಲೂ ನೇರ ಮಾತಿಲ್ಲ. ಜಗಳದಿಂದಲ್ಲ, ಅವನು ಮದುವೆಯಾಗಿ ಬಂದ ದಿನದಿಂದಲೂ ಹಾಗೆಯೇ. "ನಿನ್ನ ತಂಗಿಗೆ ಹೇಳು" ಎಂದು ಅವನು, "ಭಾವನಿಗೆ ಹೇಳಕ್ಕ" ಎಂದು ನಾನು, ಒಂದೇ ಕೋಣೆಯಲ್ಲಿ ಕೂತಿದ್ದರೂ. ಈ ಕಟ್ಟಡ ಎದ್ದದ್ದೇ ಅಕ್ಕನ ಬಾಯಿಂದ. ಕಿಟಕಿ ಎಲ್ಲಿಡಬೇಕು, ಬಾಗಿಲು ಎತ್ತ ತೆಗೆಯಬೇಕು, ಎಲ್ಲವೂ ಅವಳ ಮೂಲಕ ಹೋಗಿ ಅವಳ ಮೂಲಕವೇ ಬಂದದ್ದು.

ಮಾರ್ಚ್ ೧೮, ಮಂಗಳವಾರ

ಮೊದಲ ತಪಾಸಣೆ. ಭಾವ ಬಂದು ಗೋಡೆಯ ಮುಂದೆ ನಿಂತ. ನಾನು ಭಟ್ಟಿಯ ಪಕ್ಕ ನಿಂತೆ. ನಡುವೆ ಹೇಳಿ ಕಳಿಸಲು ಯಾರೂ ಇಲ್ಲ. ಬಹಳ ಹೊತ್ತು ಇಬ್ಬರೂ ಗಾಜನ್ನೇ ನೋಡಿದೆವು.

"ಗಾಜು ಹಾಗೇ ಇದೆ," ಎಂದ ಭಾವ, ಗೋಡೆಗೆ.

"ಈಗಿನ್ನೂ ಒಂದು ವಾರ," ಎಂದೆ, ಭಟ್ಟಿಗೆ.

"ಹೊರಗಡೆ ಪೈಪು ತೊಟ್ಟಿಕ್ತಾ ಇದೆ," ಎಂದು ಗೋಡೆಗೆ ತಿಳಿಸಿದ.

"ಕಟ್ಟಿದವರಿಗೆ ಈಗ ಕಂಡಿತೇನೋ," ಎಂದು ಭಟ್ಟಿಗೆ ಹೇಳಿದೆ.

ಹೊರಗೆ ಹೋದ. ಏನೋ ಕಟಕಟ ಸದ್ದಾಯಿತು. ಆಮೇಲೆ ಸ್ಕೂಟರ್ ಹೊರಟ ಸದ್ದು. ನನ್ನ ಪೈಪು ಮುಟ್ಟಲು ಅವನಿಗೆ ಅಧಿಕಾರ ಕೊಟ್ಟವರು ಯಾರು? ಆಕ್ಷೇಪಣೆಗೆ ಹೇಳಬೇಕು. ತೊಟ್ಟಿಕ್ಕುವುದೇನೋ ನಿಂತಿದೆ.

ಮಾರ್ಚ್ ೨೦, ಗುರುವಾರ

ದಿನಾ ಬರುವ ಮೇಷ್ಟ್ರು ಇವತ್ತು ಬ್ರೆಡ್ಡು ವಾಪಸ್ ತಂದರು. "ಏನಮ್ಮಾ, ಉಪ್ಪಿನ ಮೂಟೆನೇ ಬಿತ್ತಾ?" ಎಂದರು. ನಿಮ್ಮ ನಾಲಿಗೆಯನ್ನು ಡಾಕ್ಟರಿಗೆ ತೋರಿಸಿ ಎಂದೆ. ಮಧ್ಯಾಹ್ನ ಔಷಧಿ ಅಂಗಡಿಯಾತ ಬಂದು ನಿನ್ನೆಯದರಲ್ಲಿ ಉಪ್ಪೇ ಇರಲಿಲ್ಲವೆಂದ.

ನಸುಕಿನಿಂದ ಹಿಟ್ಟಿನಲ್ಲೇ ಮುಳುಗಿರುವವಳಿಗೆ ರುಚಿ ತಿಳಿಯುವುದಿಲ್ಲ, ಅದು ಎಲ್ಲ ಬೇಕರಿಯವರ ಕಥೆ. ಆದರೂ ಊರಿನ ನಾಲಿಗೆಗೆ ಏನೋ ಆಗಿದೆ.

ಮಾರ್ಚ್ ೨೫, ಮಂಗಳವಾರ

ಗಾಜು ಹಾಗೇ ಇದೆ.

ಭಾವನ ವಕೀಲಮ್ಮ ಹೊಸ ತಕರಾರು ತೆಗೆದಿದ್ದಾರೆ. ಒಪ್ಪಿದ್ದಕ್ಕಿಂತ ಹೆಚ್ಚು ಬೆಂಕಿ ಹಾಕುತ್ತೇನಂತೆ, ಅದಕ್ಕೇ ಗೋಡೆ ಬಿಟ್ಟಿತಂತೆ. ತಾತ ಗಡ್ಡ ಕೆರೆದುಕೊಂಡು ಯೋಚಿಸಿ, ಬ್ರೆಡ್ಡಿನ ತಳ ನೋಡಿದರೆ ಭಟ್ಟಿಯ ಶಾಖ ಗೊತ್ತಾಗುತ್ತದೆ, ಪ್ರತಿ ಮಂಗಳವಾರ ಅವತ್ತಿನ ಒಂದು ಬ್ರೆಡ್ಡನ್ನು ಮಾದರಿಯಾಗಿ ಎದುರು ಪಾರ್ಟಿಗೆ ಕೊಡಬೇಕು, ಇನ್ನೊಂದನ್ನು ಮಧ್ಯಸ್ಥರಿಗೆ ಕೊಡಬೇಕು ಎಂದು ಆದೇಶ ಮಾಡಿದರು. ಎದುರು ಪಾರ್ಟಿ ಅದನ್ನು ಪರಿಣತರಿಗೆ ತೋರಿಸಿ ಅಭಿಪ್ರಾಯ ಸಲ್ಲಿಸಬಹುದು.

"ಆಕ್ಷೇಪಣೆ ಇದೆ. ಬ್ರೆಡ್ಡು ಸಾಕ್ಷ್ಯವಾಗೋದು ನಾನೆಲ್ಲೂ ಕೇಳಿಲ್ಲ."

"ಈಗ ಕೇಳಿದ್ರಲ್ಲ," ಎಂದು ತಾತ ಚೀಲ ಬಿಡಿಸಿ ಹಿಡಿದರು.

ತಾತನಿಗೆ ಒಳ್ಳೆಯದು ಕೊಟ್ಟೆ. ಭಾವನಿಗೆ ಹಿಂದಿನ ಸಾಲಿನ ಸೊಟ್ಟದ್ದನ್ನು ಹುಡುಕಿ ಕೊಟ್ಟೆ.

ಏಪ್ರಿಲ್ ೩, ಗುರುವಾರ

ಪರಿಣತರ ಅಭಿಪ್ರಾಯ ಬಂದಿದೆ. ಆಕ್ಷೇಪಣೆ ಗಟ್ಟಿಯಾಗಿ ಓದಿದರು.

"ಮಾದರಿ ಪರಿಶೀಲಿಸಲಾಯಿತು. ತಳ ಹದವಾಗಿ ಬೆಂದಿದೆ. ಶಾಖದಲ್ಲಿ ದೋಷವಿಲ್ಲ." ಇಲ್ಲಿಗೆ ನಿಲ್ಲಿಸಿ ಮೇಜು ಗುದ್ದಿದರು. "ಅವರ ಕಡೆಯವರೇ ನಮಗೆ ಅನುಕೂಲವಾಗಿ ಬರೆದಿದ್ದಾರೆ! ಇಂಥ ಪರಿಣತರನ್ನ ಎಲ್ಲಿ ಹಿಡಿದರೋ!" ಮುಂದೆ ಓದಿದಾಗ ದನಿ ಇಳಿಯಿತು. "ಆದರೆ ಉಪ್ಪು ಎರಡು ಸಲ ಬಿದ್ದಿದೆ. ಕಲಸಿದವರ ಮನಸ್ಸು ಬೇರೆಲ್ಲೋ ಇತ್ತು. ಮನೆಯ ತನಕ ಹೋಗುವ ಬ್ರೆಡ್ಡು ಸೊಟ್ಟಗಿರುವುದು ಯಾವ ಮರ್ಯಾದೆ?"

ಭಾವನಿಗೆ ಬ್ರೆಡ್ಡಿಗೂ ಇಟ್ಟಿಗೆಗೂ ರುಚಿಯಲ್ಲಿ ವ್ಯತ್ಯಾಸ ತಿಳಿಯದು. ಇದನ್ನು ಹೇಳಿದವಳು ಯಾರೆಂದು ನನಗೆ ಗೊತ್ತು. ಜಗತ್ತಿನಲ್ಲಿ ನನಗೆ ಹೀಗೆ ಅವಮಾನ ಮಾಡುವವಳು ಒಬ್ಬಳೇ.

ಸಿಟ್ಟು ನೆತ್ತಿಗೇರಿತು. ಅದರ ಒಂದು ಪ್ರತಿ ಕೇಳಿ ತಂದು ಮತ್ತೆ ಓದಿದೆ. ಮಲಗುವ ಮುಂಚೆ ಇನ್ನೊಂದು ಸಲ ಓದಿದೆ, ಸಿಟ್ಟು ಆರಬಾರದೆಂದು.

ನಾಳೆಯಿಂದ ಉಪ್ಪನ್ನು ನೋಡಿ ಹಾಕುತ್ತೇನೆ. ಅವಳು ಹೇಳಿದಳೆಂದಲ್ಲ. ಅವಳಿಗೆ ಹೇಳಲು ಏನೂ ಸಿಗಬಾರದೆಂದು.

ಏಪ್ರಿಲ್ ೧೦, ಗುರುವಾರ

ಈ ವಾರದ ಅಭಿಪ್ರಾಯ: "ಆಕಾರ ಪರವಾಗಿಲ್ಲ. ಉಪ್ಪು ಈಗ ಕಡಿಮೆ. ಹಠಕ್ಕೆ ಬಿದ್ದು ಕಡಿಮೆ ಮಾಡಿದಂತಿದೆ. ಕಲಸಿದವರ ಬಲಗೈ ಸುಟ್ಟಿರುವುದನ್ನು ಎದುರುದಾರರು ತಪಾಸಣೆಯಲ್ಲಿ ಕಂಡಿರುತ್ತಾರೆ. ಬರೀ ನೀರು ಹಾಕಿ ಬಿಡುವುದು ಅವರ ಹಳೆಯ ಚಾಳಿ. ಮುಲಾಮು ಹಚ್ಚತಕ್ಕದ್ದು."

"ಮುಲಾಮಿಗೂ ಗೋಡೆಗೂ ಏನು ಸಂಬಂಧ? ಇದನ್ನ ದಾಖಲೆಯಿಂದ ತೆಗೆಸ್ತೀನಿ," ಎಂದು ಆಕ್ಷೇಪಣೆ ಎದ್ದರು.

ಇರಲಿ ಬಿಡಿ ಎಂದೆ. ಪ್ರತಿಯೊಂದಕ್ಕೂ ಜಗಳ ಆಡಲಾಗುತ್ತದೆಯೇ.

ಬರುವಾಗ ಮುಲಾಮು ತಂದೆ. ಹೇಗೂ ಮನೆಯಲ್ಲಿ ಖಾಲಿಯಾಗಿತ್ತು.

ಏಪ್ರಿಲ್ ೧೬, ಬುಧವಾರ

ಮೇಷ್ಟ್ರು ಎರಡು ಬ್ರೆಡ್ಡು ಕೊಂಡರು. ನಾಲಿಗೆ ತೋರಿಸಿಕೊಂಡು ಬಂದಿರಬೇಕು.

ಏಪ್ರಿಲ್ ೨೨, ಮಂಗಳವಾರ

ಈ ಗಾಜಿಗೆ ಸ್ವಂತ ಬುದ್ಧಿಯಿಲ್ಲ. ಬಾಗಿಲು ದಡಾರೆಂದು ಹಾಕಿ ನೋಡಿದೆ, ಅಲುಗಲಿಲ್ಲ. ಅದರ ಎದುರು ನಿಂತು ಜೋರಾಗಿ ಸೀನಿದೆ, ಅದೂ ಆಯಿತು. ಕೈಯಿಂದ ಮುಟ್ಟಬಾರದು, ಅದು ಮೋಸ. ಆದರೆ ನನ್ನ ಬೇಕರಿಯಲ್ಲಿ ನನ್ನ ಹಿಟ್ಟಿನ ಮೂಟೆಗಳನ್ನು ನನಗೆ ಬೇಕಾದ ಗೋಡೆಗೆ ಒರಗಿಸುವುದು ಮೋಸವಲ್ಲ. ನಿನ್ನೆ ಸಾಯಂಕಾಲ ಇದ್ದಬದ್ದ ಮೂಟೆಯನ್ನೆಲ್ಲ ಆ ಗೋಡೆಗೆ ಪೇರಿಸಿದೆ.

ಬೆಳಿಗ್ಗೆ ಭಾವ ಬಂದು ಮೂಟೆಗಳನ್ನು ನೋಡಿದರು, ಗಾಜನ್ನು ನೋಡಿದರು, ಮತ್ತೆ ಮೂಟೆಗಳನ್ನು ನೋಡಿದರು. ತಾತನಿಗೆ ಫೋನ್ ಮಾಡುತ್ತಾರೆ, ಆಕ್ಷೇಪಣೆ ನನ್ನನ್ನು ಬೈಯುತ್ತಾರೆ, ಎಲ್ಲಕ್ಕೂ ಉತ್ತರ ಸಿದ್ಧ ಮಾಡಿಕೊಂಡಿದ್ದೆ. ಅವರು ಅಂಗಿಯ ತೋಳು ಮಡಚಿ ಒಂದು ಮೂಟೆ ಎಳೆದರು. "ಗೋಡೆಗೆ ತಾಗಿಸಿಟ್ರೆ ಹಿಟ್ಟಿಗೆ ಶಾಖ ಹೊಡೆಯುತ್ತೆ. ಹುಳ ಬೀಳುತ್ತೆ," ಎಂದು ಗೋಡೆಗೆ ಹೇಳಿದರು. ಎರಡನೆಯ ಮೂಟೆಗೆ ಸೊಂಟ ಹಿಡಿದುಕೊಂಡು ನಿಂತುಬಿಟ್ಟರು.

"ಸೊಂಟ ಕೆಟ್ಟೋರು ಮೂಟೆ ಎತ್ತಬಾರ್ದು ಅಂತ ಯಾರಾದ್ರೂ ಹೇಳಬಾರ್ದಾ," ಎಂದು ಭಟ್ಟಿಯನ್ನು ಕೇಳಿದೆ. ಭಟ್ಟಿ ಸುಮ್ಮನಿತ್ತು. ಹೋಗಿ ಇನ್ನೊಂದು ತುದಿ ಹಿಡಿದೆ. ಪೇರಿಸಿದ್ದನ್ನೆಲ್ಲ ಇಬ್ಬರೂ ಸೇರಿ ಈ ಕಡೆಗೆ ತಂದೆವು.

ಹಿಟ್ಟಿಗೆ ಹುಳ ಬೀಳಬಾರದಲ್ಲ, ಅದಕ್ಕೆ. ಮಾದರಿಯ ಜೊತೆಗೆ ಎರಡು ಬನ್ನು ಹಾಕಿದ್ದು ಮಾತ್ರ ಕೈತಪ್ಪಿನಿಂದ.

ಮೇ ೬, ಮಂಗಳವಾರ

ವಿಚಾರಣೆ ಬೇಕರಿಯಲ್ಲೇ ನಡೆಯಿತು. ತಾತನ ಆಫೀಸಿನಲ್ಲಿ ಗಾಳಿಯಿಲ್ಲವಂತೆ. ಅಲ್ಲಿ ಬ್ರೆಡ್ಡೂ ಇಲ್ಲ.

ತಾತ ಗಾಜಿಗೆ ಟಾರ್ಚು ಬಿಟ್ಟು ಹೇಳಿದರು: "ಪಾಯ ಗಟ್ಟಿ ಇದೆ. ಗೋಡೆ ಅಲುಗ್ತಿಲ್ಲ. ಇದು ಹಸಿ ಗೋಡೆಗೆ ಬೆಂಕಿ ತಾಗಿ ಬಂದ ಬಿರುಕು. ಕಟ್ಟಿ ಮುಗಿದ ಕೂಡಲೇ ಭಟ್ಟಿ ಹಚ್ಚಿದ್ದಾರೆ. ಈಗ ಉಳಿದಿರೋದು ಒಂದೇ ಪ್ರಶ್ನೆ. ಗೋಡೆ ಒಣಗೋವರೆಗೂ ಹಚ್ಚಬೇಡಿ ಅಂತ ಗುತ್ತಿಗೆದಾರರು ಇವರಿಗೆ ತಿಳಿಸಿದ್ರಾ? ತಿಳಿಸಿದ್ರೆ ತಪ್ಪು ಈಯಮ್ಮನದು. ತಿಳಿಸದಿದ್ರೆ ಗುತ್ತಿಗೆದಾರರದು."

ನನಗೆ ಯಾರೂ ಹೇಳಿಲ್ಲ ಎಂದೆ. ಅದು ನಿಜ. ನನ್ನ ಹೊಸ ಭಟ್ಟಿ ಹಚ್ಚಿದ ದಿನ ನನಗೆ ಚೆನ್ನಾಗಿ ನೆನಪಿದೆ. ನಮ್ಮ ಯಜಮಾನರು ತೀರಿಕೊಂಡ ಮೇಲೆ ಹಳೆ ಅಂಗಡಿ ಮುಚ್ಚಿ ಮೂಲೆ ಹಿಡಿದು ಕೂತಿದ್ದವಳು ನಾನು. ಅವತ್ತು ಏಪ್ರನ್ ಕಟ್ಟಿ ನಿಂತಾಗ ಕೈ ತಾನಾಗಿಯೇ ಓಡುತ್ತಿತ್ತು.

"ನಾನು ಹೇಳಿ ಕಳಿಸಿದ್ದೆ," ಎಂದರು ಭಾವ.

"ಯಾರ ಹತ್ರ?"

ಭಾವ ನೆಲ ನೋಡಿದರು. ವಕೀಲಮ್ಮ ಮೊಣಕೈಯಿಂದ ತಿವಿದರು.

"ಅದು ಬೇಡ ಸಾರ್."

"ಬೇಡ ಅಂದ್ರೆ ಹೇಗೆ? ಹೆಸರು ಹೇಳದಿದ್ರೆ ನೀವು ಸೋಲ್ತೀರಿ. ಗೋಡೆ ಕೆಡವಿ ಕಟ್ಟಿಕೊಡಬೇಕಾಗುತ್ತೆ. ನಿಮ್ಮ ಕೆಲಸ ಕಳಪೆ ಅಂತ ನಾನು ತೀರ್ಪಲ್ಲಿ ಬರೀಬೇಕಾಗುತ್ತೆ."

"ಬರೀರಿ," ಎಂದರು ಭಾವ. ಇಷ್ಟು ವರ್ಷ ಹೆಸರು ಕಾಪಾಡಿಕೊಂಡು ಬಂದ ಮನುಷ್ಯ.

ಬರೀ ಹಠ. ಭಾವ ಯಾರ ಹತ್ತಿರ ಹೇಳಿ ಕಳಿಸಿರಬಹುದು, ಅಂಥವರು ಯಾರಿದ್ದಾರೆ ಎಂದು ಯೋಚಿಸಲು ಹೊರಟೆ. ಅಷ್ಟರಲ್ಲಿ ಬನ್ನು ಸೀಯುವ ವಾಸನೆ ಬಂತು, ಎದ್ದು ಹೋದೆ. ಆಮೇಲೆ ಯೋಚಿಸಲು ಪುರುಸೊತ್ತಾಗಲಿಲ್ಲ.

ಮೇ ೭, ಬುಧವಾರ

ಆಕ್ಷೇಪಣೆ ಸಿಹಿ ಹಂಚುವುದೊಂದು ಬಾಕಿ. ಇನ್ನು ಒಂದು ವಿಚಾರಣೆ, ಆಮೇಲೆ ತೀರ್ಪು, ಅಲ್ಲಿಗೆ ಎಲ್ಲ ಮುಗಿಯಿತು ಎಂದರು. ತಪಾಸಣೆ ಇರುವುದಿಲ್ಲ, ಮಾದರಿ ಕೊಡುವುದೂ ಬೇಡ.

"ಅಭಿಪ್ರಾಯನೂ ಬರಲ್ವಾ?"

"ಆ ಪೀಡೆ ಕೂಡ ತೊಲಗಿತು."

 ಆ ಪರಿಣತರನ್ನು ಸಾಕ್ಷಿಗೆ ಕರೆಸಿ ಎಂದೆ.

"ಯಾಕೆ? ಕೇಸು ಗೆದ್ದಾಗಿದೆ."

"ನನ್ನ ಬ್ರೆಡ್ಡಿಗೆ ಏನೇನೋ ಬರೆಸಿದ್ದಾರೆ. ಎದುರು ಕೂರಿಸಿ ಕೇಳ್ಬೇಕು."

"ಗೆದ್ದ ಕೇಸಲ್ಲಿ ಸಾಕ್ಷಿ ಕರೆಸೋದು ಅಂದ್ರೆ ಮಲಗಿರೋ ನಾಯಿ ಬಾಲ ತುಳಿದ ಹಾಗೆ. ನನ್ನ ಆಕ್ಷೇಪಣೆ ಇದೆ."

"ಕರೆಸಿದ್ರೆ ಬರಲೇಬೇಕಾ? ಬರಲ್ಲ ಅನ್ನೋ ಹಾಗಿಲ್ಲ ತಾನೇ?"

"ಬರಲೇಬೇಕು. ಮಧ್ಯಸ್ಥರ ಆದೇಶ."

"ಹಾಗಾದ್ರೆ ಕರೆಸಿ."

ಬರಲೇಬೇಕಂತೆ. ಕಾನೂನಿನಲ್ಲಿ ಒಂದೆರಡು ಒಳ್ಳೆಯ ಅಂಶಗಳೂ ಇವೆ.

ಮೇ ೧೯, ಸೋಮವಾರ

ಪ್ರಶ್ನೆಗಳನ್ನು ಬರೆದುಕೊಂಡೆ. ಉಪ್ಪಿನ ಬಗ್ಗೆ, ಸೊಟ್ಟದ್ದರ ಬಗ್ಗೆ, ಹಳೆಯ ಚಾಳಿ ಎಂದದ್ದರ ಬಗ್ಗೆ. ನೀರು ಕುಡಿಸುತ್ತೇನೆ ಅವಳಿಗೆ.

ಸಾಕ್ಷಿಗೆ ಕೂರಲು ಏನಾದರೂ ಬೇಕು. ಸ್ಟೂಲನ್ನು ತೆಗೆದು ಒರೆಸಿ, ಗಲ್ಲಾದ ಪಕ್ಕ ಇಟ್ಟೆ. ಅಲ್ಲೇ ಬೆಳಕು ಚೆನ್ನಾಗಿರುವುದು.

ಮೇ ೨೦, ಮಂಗಳವಾರ

ಇದನ್ನು ನಿಧಾನವಾಗಿ ಬರೆಯಬೇಕು. 

ಅಕ್ಕ ಬಂದಳು. ಇಳಿದುಹೋಗಿದ್ದಾಳೆ, ರವಿಕೆಯ ತೋಳು ಸಡಿಲವಾಗಿದೆ. ನನ್ನ ಮುಖ ನೋಡಲಿಲ್ಲ. ಯಾರೂ ಹೇಳುವ ಮುಂಚೆ ಸ್ಟೂಲಿನ ಮೇಲೆ ಕೂತಳು. ಪ್ರಮಾಣ ಮಾಡಿದಳು. ಭಾವ ಎದ್ದು ನಿಂತು "ಇವಳು ಬೇಡ ಸಾರ್, ನಾನು ಸೋಲ್ತೀನಿ ಅಂದ್ನಲ್ಲ," ಎಂದರು. ತಾತ ಕೂರಿಸಿದರು.

ಆಕ್ಷೇಪಣೆ ಕೋಟು ಸರಿಮಾಡಿಕೊಂಡರು. "ಬ್ರೆಡ್ಡಿನ ವಿಷಯದಲ್ಲಿ ತಮ್ಮ ವಿದ್ಯಾರ್ಹತೆ ಏನು?"

"ಇವಳಿಗೆ ಹಿಟ್ಟು ಕಲಸೋದು ಕಲಿಸಿದ್ದು ನಾನು. ಮೂಗು ಒರೆಸಿದ್ದೂ ನಾನೇ."

ತಾತ ಕೆಮ್ಮಿದ ಹಾಗೆ ಮಾಡಿ ನಕ್ಕರು. ಇನ್ನು ನನ್ನಿಂದ ತಡೆಯಲಾಗಲಿಲ್ಲ. "ನಾನೇ ಕೇಳ್ತೀನಿ," ಎಂದು ಎದ್ದೆ. ಪ್ರಶ್ನೆಯ ಹಾಳೆ ಕೈಯಲ್ಲೇ ಇತ್ತು. ಮೊದಲನೆಯದು ಉಪ್ಪು. ಬಾಯಿಂದ ಬಂದದ್ದು ಬೇರೆ.

"ಯಾಕೆ ಬರಲಿಲ್ಲ?"

ಅಕ್ಕ ಈಗ ನನ್ನನ್ನು ನೋಡಿದಳು. "ಯಾವ ಮುಖ ಇಟ್ಕೊಂಡು ಬರ್ಲಿ? ಇವರು ಹೇಳಿ ಕಳಿಸಿದ್ದು ನನ್ನ ಹತ್ರ ಕಣೇ. ಗೋಡೆ ಹಸಿ ಇದೆ, ಒಣಗೋವರೆಗೂ ಭಟ್ಟಿ ಹಚ್ಚಬೇಡ ಅಂತ ನಿನ್ನ ತಂಗಿಗೆ ಹೇಳು ಅಂದ್ರು. ಹೇಳೋಕೇ ಬಂದಿದ್ದೆ ಅವತ್ತು. ನೀನು ಏಪ್ರನ್ ಕಟ್ಕೊಂಡು ನಿಂತಿದ್ದೆ. ಮುಖದ ತುಂಬಾ ಹಿಟ್ಟು. ನಗ್ತಿದ್ದೆ. ಅಷ್ಟು ತಿಂಗಳಾದ್ಮೇಲೆ ಮೊದಲ ಸಲ ನಗ್ತಿದ್ದೆ. ಬಾಯಿ ಬರಲಿಲ್ಲ. ನಾಳೆ ಹೇಳಿದ್ರಾಯ್ತು ಅಂದ್ಕೊಂಡೆ."

"ನಾಳೆ?"

"ನಾಳೆನೂ ನಗ್ತಿದ್ದೆ."

 ಅಕ್ಕ ಸೆರಗಿನಿಂದ ಮೂಗು ಒರೆಸಿಕೊಂಡಳು. "ನೋಟಿಸ್ ಬಂದ ದಿನ ಇವರಿಗೆ ಹೇಳಿದೆ. ನಿಮ್ಮಿಬ್ಬರ ಮಧ್ಯೆ ಇದು ಬರೋದು ಬೇಡ, ನನ್ನ ಕೆಲಸ ಕೆಟ್ಟದ್ದು ಅಂತಲೇ ಬರ್ಕೊಳ್ಳಲಿ ಅಂದ್ರು. ಬರೆದುಕೊಳ್ಳಿ ಸಾರ್. ತಂಗಿಗೆ ಯಾರೂ ತಿಳಿಸಿಲ್ಲ. ತಪ್ಪು ನನ್ನದು."

ಆಕ್ಷೇಪಣೆಯ ಕಣ್ಣು ಫಳಫಳ ಹೊಳೆಯಿತು. ಎದುರು ಕಡೆಯ ಸಾಕ್ಷಿಯೇ ಬಾಯಿಬಿಟ್ಟು ಹೇಳಿದ ಮೇಲೆ ಇನ್ನೇನು? ನಾನು ಗೆದ್ದಿದ್ದೆ. ತಾತ ಪೆನ್ನು ತೆಗೆದರು. ಅಕ್ಕ ಆ ಸ್ಟೂಲಿನ ಮೇಲೆ ಕೈ ಮಡಚಿಕೊಂಡು, ಮೇಷ್ಟ್ರಿಗೆ ಸಿಕ್ಕಿಬಿದ್ದ ಹುಡುಗಿಯ ಹಾಗೆ ಕೂತಿದ್ದಳು.  ಅವಳನ್ನು ಹಾಗೆ ನಾನು ಯಾವತ್ತೂ ನೋಡಿಲ್ಲ, ನೋಡುವುದೂ ಬೇಡ.

"ಸುಳ್ಳು!" ಎಂದೆ.

ತಾತ ತಲೆಯೆತ್ತಿದರು. "ಏನು ಸುಳ್ಳು?"

"ಇವಳು ನನಗೆ ಹೇಳಿದ್ಳು. ಸರಿಯಾಗಿ ಹೇಳಿದ್ಳು. ಬೆರಳು ತೋರಿಸಿ ಹೇಳಿದ್ಳು. ಕೇಳದೆ ಭಟ್ಟಿ ಹಚ್ಚಿದ್ದು ನಾನು."

"ಆಕ್ಷೇಪಣೆ ಇದೆ!" ಎಂದು ನಮ್ಮ ವಕೀಲರು ಕಿರುಚಿದರು. ತಮ್ಮ ಕಕ್ಷಿಗೇ ಆಕ್ಷೇಪಣೆ ಹೇಳಿದ ಮೊದಲ ವಕೀಲರು ಅವರೇ ಇರಬೇಕು.

"ಏನೇ ಹೇಳ್ತಿದೀಯ? ನಾನು ಯಾವಾಗ ಹೇಳಿದೆ?" ಎಂದು ಅಕ್ಕ ಎದ್ದು ನಿಂತಳು.

"ಹೇಳಿದ್ದೆ. ನಿನಗೆ ಮರೆವು."

"ಮರೆವು ನಿನಗೆ! ಉಪ್ಪು ಎರಡು ಸಲ ಹಾಕೋಳು ನೀನು!"

"ಸೊಟ್ಟಗಿದೆ ಅಂತ ಬರೆಸ್ತೀಯಲ್ಲ, ಅದಕ್ಕೆ ನಾಚಿಕೆ ಆಗ್ಬೇಕು ನಿನಗೆ!"

"ಸೊಟ್ಟಗಿತ್ತು!"

ಎಷ್ಟು ಹೊತ್ತು ಕೂಗಾಡಿದೆವೋ ತಿಳಿಯದು. ವಕೀಲಮ್ಮ ಎಲ್ಲವನ್ನೂ ಬರೆದುಕೊಳ್ಳುತ್ತಿದ್ದರು. ತಾತ ಟಾರ್ಚನ್ನು ನೆಟ್ಟಗೆ ನನ್ನ ಮುಖಕ್ಕೆ ಬಿಟ್ಟರು, ಆಮೇಲೆ ಅಕ್ಕನ ಮುಖಕ್ಕೆ ಬಿಟ್ಟರು, ಆರಿಸಿ ಜೇಬಿಗಿಟ್ಟರು.

"ಇಬ್ಬರಲ್ಲಿ ಒಬ್ರು ಸುಳ್ಳು ಹೇಳ್ತಿದೀರಿ. ಯಾರು ಅಂತ ನನಗೆ ಗೊತ್ತಾಯ್ತು. ಬರೆಯಲ್ಲ. ನನ್ನ ಸರ್ವೀಸಲ್ಲಿ ತಪ್ಪು ನನ್ನದಲ್ಲ ಅಂತ ಹೊಡೆದಾಡಿದೋರನ್ನ ಬೇಕಾದಷ್ಟು ನೋಡಿದೀನಿ. ಹೊರಗೆ ಹೋಗಿ ರಾಜಿ ಮಾಡ್ಕೊಂಡು ಬನ್ನಿ," ಎಂದರು. ಆಮೇಲೆ ಮಾದರಿ ಕೇಳಿದರು.

ಗೆದ್ದ ಕೇಸನ್ನು ಕೈಯಾರೆ ಕೆಡಿಸಿಕೊಂಡಿರಿ ಎಂದು ಆಕ್ಷೇಪಣೆ ಇನ್ನೂ ಗೊಣಗುತ್ತಿದ್ದಾರೆ. ಅವರಿಗೆ ಅರ್ಥವಾಗುವುದಿಲ್ಲ. ಚಿಕ್ಕಂದಿನಿಂದಲೂ ಎಲ್ಲದರಲ್ಲೂ ಅಕ್ಕನೇ ಮುಂದು. ತಪ್ಪಿನಲ್ಲೂ ಅವಳನ್ನೇ ಮುಂದೆ ಬಿಡಲಾಗುತ್ತದೆಯೇ? ಅಷ್ಟೇ ವಿಷಯ, ಬೇರೇನಿಲ್ಲ.

ಮೇ ೨೭, ಮಂಗಳವಾರ

ರಾಜಿಪತ್ರಕ್ಕೆ ಸಹಿಯಾಯಿತು. ಭಾವ ಬಿರುಕನ್ನು ಅಗಲಿಸಿ, ತಂತಿ ಬಲೆ ಕಟ್ಟಿ, ಗಾರೆ ತುಂಬಿಕೊಡುತ್ತಾರೆ. ಒಣಗುವವರೆಗೆ ನಾನು ಅಂಗಡಿ ಮುಚ್ಚಿರಬೇಕು. ಗೋಡೆ ಬೀಳಿಸುವ ಮಾತಿಲ್ಲ.

ಕೆಲಸ ಶುರು ಮಾಡುವ ಮುಂಚೆ ತಾತ ಗಾಜಿನ ಪಟ್ಟಿಯನ್ನು ಹುಷಾರಾಗಿ ಕಿತ್ತು ನನ್ನ ಕೈಗೆ ಕೊಟ್ಟರು. ಒಂದು ಗೆರೆಯೂ ಬಿದ್ದಿಲ್ಲ.

ಭಾವ ಗೋಡೆಯ ಮುಂದೆ ನಿಂತು ಗಂಟಲು ಸರಿಮಾಡಿಕೊಂಡರು. ಅಕ್ಕ ಪಕ್ಕದಲ್ಲೇ ಇದ್ದಳು. ಅವಳ ಕಡೆ ತಿರುಗುತ್ತಾರೆ ಎಂದುಕೊಂಡೆ. ನನ್ನ ಕಡೆ ತಿರುಗಿದರು.

"ನಾನು ಹೇಳೋವರೆಗೂ ಭಟ್ಟಿ ಹಚ್ಚಬೇಡಮ್ಮ."

"ಆಯ್ತು ಭಾವ," ಎಂದೆ.

ಅಕ್ಕ ನಮ್ಮಿಬ್ಬರನ್ನೂ ನೋಡಿ, ಇನ್ನು ನನಗೇನು ಕೆಲಸ ಎಂದಳು.

ಭಾವ ನಾಲ್ಕು ಜನರ ಎದುರು "ತಪ್ಪು ನನ್ನದು" ಎಂದು ಹೇಳಬೇಕೆಂದು ಅರ್ಜಿಯಲ್ಲಿ ಬರೆಸಿದ್ದು ರಾತ್ರಿ ನೆನಪಾಯಿತು. ಅಕ್ಕನನ್ನು ಬಿಟ್ಟು ಅವತ್ತು ಇದ್ದವರನ್ನು ಎಣಿಸಿದೆ: ತಾತ, ಇಬ್ಬರು ವಕೀಲರು, ಭಾವ. ಸರಿಯಾಗಿ ನಾಲ್ಕು ಜನ. ಹೇಳಿದವಳು ಮಾತ್ರ ನಾನು.

ಜೂನ್ ೧೧, ಬುಧವಾರ

ಗೋಡೆ ಒಣಗುತ್ತಿದೆ. ಭಾವ ದಿನಾ ಬಂದು ಅಂಗೈಯಿಟ್ಟು ನೋಡಿ "ಇನ್ನೂ ಇಲ್ಲ" ಎಂದು ಹೋಗುತ್ತಾರೆ. ಬೆರಳುಗಳಿಗೆ ಕೆಲಸವಿಲ್ಲದೆ ತಲೆ ಕೆಟ್ಟಿದೆ.

ಜುಲೈ ೧, ಮಂಗಳವಾರ

ನಿನ್ನೆ ಭಾವ ಗೋಡೆಗೆ ಅಂಗೈಯಿಟ್ಟು "ಹಚ್ಚಮ್ಮ" ಎಂದರು. ಇವತ್ತು ಹಚ್ಚಿದೆ.

ಬೆಳಕು ಬಿಡುವಷ್ಟರಲ್ಲಿ ಅಕ್ಕ ಬಂದು ಸ್ಟೂಲಿನ ಮೇಲೆ ಕೂತಳು. ಮೊದಲ ಬ್ರೆಡ್ಡು ಹೊರಗೆ ಬಂತು. ಮೂಲೆ ಮುರಿದು, ಊದಿ, ಬಾಯಿಗೆ ಹಾಕಿಕೊಂಡು, ಕಣ್ಣು ಮುಚ್ಚಿ ಅಗಿದಳು. ನಾನು ಬೆನ್ನು ತಿರುಗಿಸಿ ಟ್ರೇ ಒರೆಸುತ್ತಿದ್ದೆ.

"ಉಪ್ಪು ಕಮ್ಮಿಯಾಗಿದೆ ಕಣೇ. ಇಷ್ಟು ವರ್ಷ ಆಯ್ತು, ಇನ್ನೂ ಕೈ ಹದ ಬಂದಿಲ್ಲ ನಿನಗೆ," ಎಂದಳು.

ಬೇಕೆಂದೇ ಕಡಿಮೆ ಹಾಕಿದ್ದೆ. ಅವಳಿಗೆ ಹೇಳಲು ಏನಾದರೂ ಸಿಗಬೇಕಲ್ಲ.